ಬೋಟು ಕೊಳ್ಳುವ ಮುಂಚೆ ಒಮ್ಮೆ ಮುಳುಗಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾಗದ ಕೆರೆಗಳಲ್ಲಿ ಬೋಟಿಂಗ್ ಬೇಕು, ರಜಾ ದಿನ ಮಕ್ಕಳನ್ನು ಕರಕೊಂಡು ಹೋಗಲು ಕಲಬುರಗಿಯಲ್ಲಿ ಜಾಗವೇ ಇಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಮಾತಿಗೆ ನನ್ನ ತಕರಾರಿಲ್ಲ. ಏಪ್ರಿಲ್ ತಿಂಗಳಲ್ಲಿ ದಿನವಿಡೀ ಕಾದ ಮನೆಯಿಂದ ಹೊರಬಿದ್ದು ಸಂಜೆ ಶರಣಬಸವೇಶ್ವರ ಕೆರೆಯ ದಂಡೆಗೆ ಹೋಗಿ ಕೂತವರಿಗೆ ನೀರಿನ ಆಸೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಬೋಟು ಬರಲಿ. ಆದರೆ ಬರುವ ಬೋಟು ಎಂಥದ್ದಿರಬೇಕು ಅನ್ನುವುದರ ಬಗ್ಗೆ ಅವರು ಒಂದು ಸಾಲೂ ಬರೆಯಲಿಲ್ಲ. ಅದನ್ನು ನಾನು ಬರೆಯುತ್ತೇನೆ. ಪತ್ರ ಉದ್ದವಾಯಿತೆಂದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಸೋರೆಬುರುಡೆಯ ಭಾಗಕ್ಕೆ ಮಾತ್ರ ಹಾಕಬೇಡಿ.

ನಾನು ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಫೈಬರ್ ಕೆಲಸ ಮಾಡುವವನು. ನೀರಿನ ಟಾಕಿ, ಬಾತ್‌ರೂಮ್ ಬಾಗಿಲು, ಶಾಲೆ ಮಕ್ಕಳ ಜಾರುಬಂಡಿ, ಒಮ್ಮೊಮ್ಮೆ ಮದುವೆ ಮಂಟಪದ ಆನೆ. ಊರು ಸುರಪುರದ ಕಡೆ, ಕೃಷ್ಣೆಯ ದಂಡೆ. ನಮ್ಮ ಮುತ್ಯಾ ಹರಿಗೋಲು ಹಾಕುತ್ತಿದ್ದ. ಬೋಟಿನ ವಿದ್ಯೆ ನನಗೆ ಬಂದದ್ದು ಮಾತ್ರ ಹೊಳೆಯಿಂದಲ್ಲ, ಮುಂಬೈಯಿಂದ. 1983ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ವಾಡಿಯಲ್ಲಿ ರೈಲು ಹತ್ತಿದೆ. ಜೊತೆಗಿದ್ದವರೆಲ್ಲ ಕಟ್ಟಡದ ಕೆಲಸ ಹಿಡಿದರು, ನನಗೆ ಬಂದರದ ಹತ್ತಿರ ಒಂದು ಸಣ್ಣ ಬೋಟ್ ಕಾರ್ಖಾನೆ ಸಿಕ್ಕಿತು. ಮೊದಲ ಆರು ತಿಂಗಳು ಮೈಯೆಲ್ಲ ತುರಿಕೆ. ಫೈಬರ್ ಅಂದರೆ ಗಾಜಿನ ನಾರು, ಅದು ಚರ್ಮಕ್ಕೆ ಹತ್ತಿದರೆ ತಣ್ಣೀರಲ್ಲೇ ತೊಳೆಯಬೇಕು, ಬಿಸಿನೀರು ಹಾಕಿಕೊಂಡರೆ ಆ ರಾತ್ರಿ ನಿದ್ದೆ ಹೋಯಿತೆಂದೇ ಲೆಕ್ಕ. ಇದನ್ನೂ ಯಾರೂ ಹೇಳಿಕೊಡಲಿಲ್ಲ, ಹಾಕಿಕೊಂಡೇ ಕಲಿತೆ.

ಆ ಕಾರ್ಖಾನೆಯ ಮೇಸ್ತ್ರಿ ಗೋವಾದವರು. ಅವರ ಮೇಜಿನ ಹಿಂದಿನ ಗೋಡೆಗೆ ಸಾಂತೇರಿ ದೇವಿಯ ಕ್ಯಾಲೆಂಡರು, ಅದರ ಪಕ್ಕದಲ್ಲಿ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ. ಒಬ್ಬ ಮನುಷ್ಯ ನೀರಿನ ಮೇಲೆ ಸಣ್ಣ ಬೋಟಿನಲ್ಲಿ ಕೂತಿದ್ದಾನೆ, ಅದೇ ಬೋಟನ್ನು ನಟ್ಟನಡುವೆ ಗರಗಸ ಹಾಕಿ ಕೊಯ್ಯುತ್ತಿದ್ದಾರೆ. ಕೂತವನಿಗೆ ಗಾಬರಿಯೇ ಇಲ್ಲ. ನಾನು ಅದನ್ನು ಸಿನಿಮಾದ್ದೆಂದೇ ತಿಳಿದಿದ್ದೆ. ಒಂದು ದಿನ ಊಟದ ಹೊತ್ತಿಗೆ ಕೇಳಿದಾಗ ಮೇಸ್ತ್ರಿ, “ಯೇ ಡೂಬತಾ ನಹೀ” (ಇದು ಮುಳುಗುವುದಿಲ್ಲ) ಎಂದು ಅಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಆ ಚಿತ್ರದ ಬೋಟು ಬಾಸ್ಟನ್ ವೇಲರ್ ಎಂಬ ಅಮೆರಿಕದ ಕಂಪನಿಯದು. ಕೂತವನು ಆ ಕಂಪನಿಯ ಮಾಲೀಕ ರಿಚರ್ಡ್ ಫಿಶರ್. 1961ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಬಂದ ಚಿತ್ರ. 13 ಅಡಿಯ ಬೋಟು ಎರಡು ತುಂಡಾಯಿತು, ಎರಡೂ ತೇಲಿದವು, ಎಂಜಿನ್ ಇದ್ದ ಹಿಂದಿನ ಅರ್ಧವನ್ನು ಫಿಶರ್ ಓಡಿಸಿಕೊಂಡು ಹೋದ. ತಾನು ಮಾರುವ ಮಾಲಿನ ಮೇಲೆ ಇಷ್ಟು ಭರವಸೆ ಇಟ್ಟ ವ್ಯಾಪಾರಿಯನ್ನು ನಾನಂತೂ ಆಮೇಲೆ ಕಂಡಿಲ್ಲ. ವೇಲರ್ ಅನ್ನುವ ಹೆಸರಿನಲ್ಲಿ ತಿಮಿಂಗಿಲ ಬೇಟೆ ಇದೆ, ಬೋಟಿಗೂ ತಿಮಿಂಗಿಲಕ್ಕೂ ಸಂಬಂಧವಿಲ್ಲ. ಜನ ಅದನ್ನು ಕೊಂಡದ್ದು ಗಾಳ ಹಾಕುವುದಕ್ಕೆ, ಮಕ್ಕಳನ್ನು ಕೂರಿಸಿಕೊಂಡು ಸುತ್ತುವುದಕ್ಕೆ.

ಉಳಿದ ಕಥೆಯನ್ನು ಈಚೆಗೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದಳು. ಫಿಶರ್ ಹಾರ್ವರ್ಡ್‌ನಲ್ಲಿ ಓದಿದವನು, ವಿದ್ಯುತ್ ಉಪಕರಣಗಳ ಬಿಡಿಭಾಗ ಮಾಡುವ ಕಾರ್ಖಾನೆ ಇಟ್ಟುಕೊಂಡಿದ್ದ. ಬಾಲ್ಸಾ ಎಂಬ ಹಗುರ ಮರದಿಂದ ಬೋಟು ಮಾಡಬೇಕೆಂಬ ಹುಚ್ಚು ಅವನಿಗೆ ಮೊದಲಿಂದಲೂ ಇತ್ತು. 1954ರಲ್ಲಿ ಪಾಲಿಯುರಿಥೇನ್ ಫೋಮ್, ಅಂದರೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಪ್ಲಾಸ್ಟಿಕ್, ಕಣ್ಣಿಗೆ ಬಿತ್ತು. ಮರಕ್ಕಿಂತ ಹಗುರ, ಆದರೂ ಗಟ್ಟಿ. ಅದನ್ನು ತುಂಬಿ ಒಂದು ಪುಟ್ಟ ಹಾಯಿದೋಣಿ ಮಾಡಿ ರೇ ಹಂಟ್ ಎಂಬ ಬೋಟ್ ವಿನ್ಯಾಸಕಾರನ ಹತ್ತಿರ ಒಯ್ದ. ಹಂಟ್ ಫೋಮ್ ಮೆಚ್ಚಿದ, ಹಾಯಿದೋಣಿ ಮೆಚ್ಚಲಿಲ್ಲ. ಅದರ ಬದಲು ಆಲ್ಬರ್ಟ್ ಹಿಕ್‌ಮನ್ 1910ರ ದಶಕದಲ್ಲಿ ಮಾಡಿದ್ದ ‘ಸೀ ಸ್ಲೆಡ್’ ಎಂಬ ಬೋಟಿನ ತಳವನ್ನು ತೆಗೆದುಕೋ ಎಂದ. ಆ ತಳ ಎರಡೂ ಬದಿಗೆ ಕೆಳಗಿಳಿದಿರುತ್ತದೆ, ನಡುವೆ ಮೇಲೆದ್ದಿರುತ್ತದೆ, ಬೋರಲು ಹಾಕಿದ ದೋಣಿಯಂತೆ. ಮುಂಭಾಗ ಮೂತಿಯಂತೆ ಚೂಪಾಗಿರದೆ ಅಗಲ. ಯಾರಾದರೂ ಒಂದೇ ಬದಿಗೆ ಎದ್ದು ನಿಂತರೂ ಬೋಟು ಬೇಗ ವಾಲುವುದಿಲ್ಲ.

1956ರಲ್ಲಿ ಮಾಡಿ ನೋಡಿದ ಬೋಟಿಗೆ ಬೇರೆಯದೇ ರೋಗ. ನಡುವಿನ ಪೊಳ್ಳಿನಲ್ಲಿ ಗಾಳಿ ಬೆರೆತ ನೀರು ನುಗ್ಗಿ ನೇರ ಬೋಟನ್ನು ತಳ್ಳುವ ಹಿಂದಿನ ಫ್ಯಾನಿಗೆ ಹೋಗುತ್ತಿತ್ತು. ಫ್ಯಾನು ಗಾಳಿಯಲ್ಲಿ ತಿರುಗಿದರೆ ಬೋಟು ಮುಂದೆ ಹೋಗುವುದು ಹೇಗೆ? ಫಿಶರ್ ನಡುವೆ ಇನ್ನೊಂದು ತಳ ಕೂರಿಸಿದ, ಗಾಳಿ ನೀರು ಬದಿಗೆ ಸರಿಯಿತು. ಹೀಗೆ ಮಾಡಿ, ಕೆಡಿಸಿ, ಮತ್ತೆ ಮಾಡಿ 1958ಕ್ಕೆ 13 ಅಡಿಯ ಬೋಟು ಮಾರಾಟಕ್ಕೆ ಬಂತು. ಓದುವಾಗ ಮೊಮ್ಮಗಳಿಗೆ ಆಕಳಿಕೆ, ನನಗೆ ಖುಷಿ. ಬೋಟಿನ ಅಚ್ಚಾದ ಮೋಲ್ಡ್ ಮಾಡಿ ಒಡೆದು ಹಾಕಿದವನಿಗೇ ಗೊತ್ತು ಆ ಎರಡು ವರ್ಷದ ಸಂಕಟ.

ಈಗ ಮುಖ್ಯ ಮಾತು. ಬೇರೆಯವರ ಫೈಬರ್ ಬೋಟಿಗೆ ಸಾಮಾನ್ಯವಾಗಿ ಹೊರಗಿನ ಚಿಪ್ಪು ಒಂದು, ಒಳಗೆ ಕೂರುವ ಚಿಪ್ಪು ಒಂದು, ಎರಡರ ನಡುವೆ ಖಾಲಿ. ಫಿಶರ್ ಆ ಎರಡು ಚಿಪ್ಪುಗಳನ್ನು ಮೋಲ್ಡ್ ಸಮೇತ ಒಂದರೊಳಗೊಂದು ಬಿಗಿದು, ನಡುವೆ ಫೋಮಿನ ದ್ರವ ಹೊಯ್ದ. ದ್ರವ ಎರಡು ಬಗೆ. ಒಂದು ಜೇನಿನ ಬಣ್ಣದ್ದು, ಇನ್ನೊಂದು ಕಾಕಂಬಿಯಂತೆ ಕಂದು. ಬೇರೆ ಬೇರೆ ಇಟ್ಟರೆ ಸುಮ್ಮನಿರುತ್ತವೆ. ಒಂದು ಪ್ಲಾಸ್ಟಿಕ್ ಲೋಟದಲ್ಲಿ ತಳ ಮುಚ್ಚುವಷ್ಟು ಎರಡನ್ನೂ ಸೇರಿಸಿ ಕಡ್ಡಿಯಿಂದ ಕಲಕಿ ನೋಡಿ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಬಣ್ಣ ಬಿಳುಚುತ್ತದೆ, ಲೋಟ ಬೆಚ್ಚಗಾಗುತ್ತದೆ, ನೋಡನೋಡುತ್ತ ಹಾಲುಕ್ಕಿದ ಹಾಗೆ ಅಂಚು ದಾಟಿ ಮೇಲೆದ್ದು ಅಣಬೆಯಂತೆ ನಿಂತುಬಿಡುತ್ತದೆ. ಐದು ನಿಮಿಷಕ್ಕೆ ಉಗುರು ಒತ್ತಿದರೂ ಇಳಿಯುವುದಿಲ್ಲ. ನನ್ನ ಶೆಡ್ಡಿಗೆ ಹೊಸದಾಗಿ ಬರುವ ಹುಡುಗರಿಗೆ ಮೊದಲ ದಿನ ಇದನ್ನೇ ತೋರಿಸುತ್ತೇನೆ, ಎರಡನೇ ದಿನವೂ ಬರುತ್ತಾರೆ. ಎರಡು ಚಿಪ್ಪಿನ ನಡುವೆ ಅದೇ ಫೋಮ್ ಉಬ್ಬಿ ಮೂಲೆಮೂಲೆಗೂ ಹೊಕ್ಕು ಎರಡಕ್ಕೂ ಅಂಟಿಕೊಂಡರೆ ಚಿಪ್ಪು, ಫೋಮ್, ಚಿಪ್ಪು ಸೇರಿ ಒಂದೇ ಗಡ್ಡೆ. ಕೊಯ್ದರೂ ತೇಲುವುದು ಅದಕ್ಕೇ. ಒಳಗೆ ನೀರು ಹೊಗಲು ಜಾಗವೇ ಇಲ್ಲ.

ಮಾಡೆಲ್‌ಗಳ ವಿಷಯ ಬೇಗ ಮುಗಿಸುತ್ತೇನೆ, ನಮ್ಮ ಕೆರೆಗೆ ಅವು ಬರುವ ಮಾತಿಲ್ಲ. 13 ಅಡಿಯದ್ದಾದ ಮೇಲೆ 16 ಅಡಿ 7 ಇಂಚಿನದು ಬಂತು. ಅದೇ ಮೈಗೆ ನಡುವೆ ಸ್ಟೀರಿಂಗ್ ನಿಲ್ಲಿಸಿ 1970ರ ದಶಕದಲ್ಲಿ ಮಾಡಿದ ಮೊಂಟಾಕ್ ಆ ಕಂಪನಿಗೆ ದೊಡ್ಡ ಹೆಸರು ತಂದಿತು, ಇವತ್ತಿಗೂ ಆ ಹೆಸರಿನ ಬೋಟು ಮಾಡುತ್ತಾರೆ. ಹಳೆಯ ಅಗಲ ತಳದ ಬೋಟು ಅಲೆ ಎದ್ದಾಗ ಬೆನ್ನಿಗೆ ಬಡಿಯುತ್ತದೆಂದು ಓಡಿಸಿದವರೇ ಹೇಳುತ್ತಾರೆ. ಸಮುದ್ರಕ್ಕೆಂದು ತಳ ಆಳ ಮಾಡಿದ ಔಟ್‌ರೇಜ್ ಬಂತು, ಬೆಳೆದೂ ಬೆಳೆದೂ ಅದರಲ್ಲಿ 42 ಅಡಿಯದೂ ಬಂತು, ಹಿಂದೆ ನಾಲ್ಕು ಎಂಜಿನ್ ಸಾಲಾಗಿ ನಿಲ್ಲುವಂಥದ್ದು. ಡಾಂಟ್‌ಲೆಸ್, ಕಾಂಕ್ವೆಸ್ಟ್ ಎಂದು ಇನ್ನೂ ಇವೆ. ಮಾಲೀಕರೂ ಬದಲಾದರು. 1969ರಲ್ಲಿ ಸಿಎಂಎಲ್ ಗ್ರೂಪ್, 1989ರಲ್ಲಿ ರೀಬಾಕ್ (ಬೂಟಿನವರೇ, ಬೂಟಿಗೂ ಬೋಟಿಗೂ ಒಂದು ಅಕ್ಷರದ ನೆಂಟಸ್ತಿಕೆ), ಆಮೇಲೆ ಮೆರಿಡಿಯನ್ ಸ್ಪೋರ್ಟ್ಸ್, 1996ರಿಂದ ಬ್ರನ್ಸ್‌ವಿಕ್. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಕಾರ್ಖಾನೆ ಫ್ಲೋರಿಡಾದ ಎಡ್ಜ್‌ವಾಟರ್ ಸೇರಿತು. ಇಷ್ಟು ಮನೆ ಬದಲಾದರೂ ಫೋಮ್ ಬಿಡಲಿಲ್ಲ. ಅವರ ಕ್ಯಾಟಲಾಗಿನಲ್ಲಿ ಉದ್ದ, ಅಗಲ, ತೂಕದ ಜೊತೆ ಇನ್ನೊಂದು ಅಂಕಿ ಕೊಡುತ್ತಾರೆ. ಬೋಟು ಪೂರ್ತಿ ನೀರು ತುಂಬಿಕೊಂಡು ನಿಂತಾಗಲೂ ಎಷ್ಟು ಭಾರ ಹೊರುತ್ತದೆ ಎಂಬ ಅಂಕಿ. ಬಣ್ಣಬಣ್ಣದ ಆ ಪುಟಗಳಲ್ಲಿ ನನ್ನ ಕಣ್ಣು ನಿಂತದ್ದು ಅದೊಂದರ ಮೇಲೆ.

ಯಾಕೆಂದರೆ ಫೈಬರ್ ಮುಳುಗುತ್ತದೆ. ಇದು ನಮ್ಮಲ್ಲಿ ಬೋಟು ಕೊಳ್ಳುವವರಿಗೆ ಗೊತ್ತಿಲ್ಲ. ಗಾಜಿನ ನಾರು ಮತ್ತು ರೆಸಿನ್ ಎಂಬ ಅಂಟು ಸೇರಿ ನೀರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ. ನನ್ನ ಶೆಡ್ಡಿನ ಒಂದು ತುಂಡು ಒಯ್ದು ಬಕೀಟಿಗೆ ಹಾಕಿ, ಟಣ್ ಎಂದು ತಳ ಸೇರುತ್ತದೆ. ಮುತ್ಯಾನ ಹರಿಗೋಲು ಬಿದಿರಿನದ್ದು, ಮಗುಚಿದರೂ ಹಿಡಿದುಕೊಳ್ಳಲು ಅದೇ ಇರುತ್ತಿತ್ತು. ಫೈಬರ್ ಬೋಟಿನಲ್ಲಿ ನೀರು ತುಂಬಿದರೆ ಹಿಡಿದುಕೊಳ್ಳಲು ಬೋಟೇ ಇರುವುದಿಲ್ಲ. ಹಳೆಯದು ಹಿಂದುಳಿದದ್ದು, ಹೊಸದು ಭದ್ರ ಎಂದು ನಾವು ತಿಳಿದಿದ್ದೇವೆ, ಇಲ್ಲಿ ಲೆಕ್ಕ ಉಲ್ಟಾ.

ಇನ್ನು ಸೋರೆಬುರುಡೆ. 2013ರ ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುವಾಗ ನಮ್ಮ ಸುರಪುರ ಕಡೆಯ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು ಹೊಳೆ ಈಜಿ ದಡ ಸೇರಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಓದಿದವರು ಅಬ್ಬಾ ಎಂದರು. ಹೊಳೆದಂಡೆಯ ನಮಗೆ ಎದೆ ಝಲ್ಲೆಂದದ್ದು ಆಕೆಯ ಸ್ಥಿತಿಗೆ. ಬುರುಡೆಯಲ್ಲಿ ಅಚ್ಚರಿ ಕಾಣಲಿಲ್ಲ. ನಾವು ಈಜು ಕಲಿತದ್ದೇ ಅದನ್ನು ಬೆನ್ನಿಗೆ ಕಟ್ಟಿಕೊಂಡು. ಮುತ್ಯಾ ಬುರುಡೆಯನ್ನು ಹಾಗೇ ಕಟ್ಟುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ಸುತ್ತಲೂ ಬಡಿದು ಕೇಳುತ್ತಿದ್ದ. ಆಮೇಲೆ ಅದನ್ನು ನೀರೊಳಗೆ ಎರಡೂ ಕೈಯಿಂದ ಒತ್ತಿ ಹಿಡಿದು ಗುಳ್ಳೆ ಬರುತ್ತದೋ ಎಂದು ನೋಡುತ್ತಿದ್ದ. ಒಂದು ಸಣ್ಣ ಗುಳ್ಳೆ ಎದ್ದರೂ ಸಾಕು, “ಇದು ಸಾಂಬಾರಕ್ಕೂ ಬ್ಯಾಡ” ಎಂದು ದಂಡೆಗೆ ಎಸೆಯುತ್ತಿದ್ದ. ಒಣಗಿದ ಬುರುಡೆಯಿಂದ ಸಾಂಬಾರು ಮಾಡುವವರು ಯಾರೂ ಇಲ್ಲ, ಆದರೂ ಪ್ರತಿಸಲ ಅದನ್ನೇ ಅನ್ನುತ್ತಿದ್ದ.

ಮುತ್ಯಾನ ಮೊಮ್ಮಗನಾಗಿ, ಮುಂಬೈಯ ಗೋಡೆಯ ಚಿತ್ರ ನೋಡಿಯೂ, ನಾನು ಮಾಡಿದ್ದೇನು ಕೇಳಿ.

ಕಪನೂರಿನಲ್ಲಿ ಶೆಡ್ ಹಾಕಿ ಹತ್ತು ಹನ್ನೆರಡು ವರ್ಷವಾಗಿತ್ತು. ಒಬ್ಬ ಗುತ್ತಿಗೆದಾರರು ಬಂದು ಒಂದು ಉದ್ಯಾನದ ಹೊಂಡಕ್ಕೆ ಎರಡು ಪೆಡಲ್ ಬೋಟು ಬೇಕು, ಬಾತುಕೋಳಿ ಆಕಾರದ್ದು, ನಾಲ್ಕು ಮಂದಿ ಕೂರುವಂಥದ್ದು ಎಂದರು. ನಾನು ಫೋಮ್ ಸೇರಿಸಿ ರೇಟು ಹೇಳಿದೆ. ಅವರು ನಕ್ಕರು. “ಮೇಸ್ತ್ರಿ, ನೀರು ಎದಿಮಟ ಅದ. ಯಾರ ಮುಳಗತಾರ? ಫೋಮ್ ಗೀಮ್ ಬಿಡ್ರಿ. ಒಳಗ ಖಾಲಿ ಇಟ್ಟು ಸುತ್ತ ಸೀಲ್ ಮಾಡ್ರಿ. ಗಾಳಿನೂ ತೇಲಸ್ತದ ಇಲ್ಲೋ?” ಗಾಳಿ ತೇಲಿಸುತ್ತದೆ, ಸುಳ್ಳಲ್ಲ. ಹಬ್ಬ ಹತ್ತಿರ ಬಂದಿತ್ತು, ಹುಡುಗರ ಪಗಾರ ಬಾಕಿ ಇತ್ತು. ಒಪ್ಪಿಕೊಂಡೆ.

ವರ್ಷ ತುಂಬುವ ಮೊದಲೇ ಫೋನ್ ಬಂತು. ಹೋಗಿ ನೋಡಿದರೆ ಹೊಂಡದಲ್ಲಿ ಒಂದೇ ಬೋಟು. ಇನ್ನೊಂದರ ಕುತ್ತಿಗೆ ಮಾತ್ರ ನೀರಿನ ಮೇಲೆ, ಕೊಕ್ಕಿಗೆ ನಾನೇ ಹಚ್ಚಿದ್ದ ಕೇಸರಿ ಬಣ್ಣ. ಪೆಡಲಿನ ದಂಡ ಮೈಯಿಂದ ಹೊರಬರುವ ತೂತಿನ ಹತ್ತಿರ ಕೂದಲೆಳೆಯಷ್ಟು ಸೀಳು. ದಿನಾ ತುಳಿದು ತುಳಿದು ಅದುರಿ ಆದದ್ದು. ಅದರಿಂದ ರಾತ್ರಿಯೆಲ್ಲ ನೀರು ಜಿನುಗಿ ಒಳಗಿನ ಪೊಳ್ಳು ತುಂಬಿದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬೋಟು ತೊಳೆಯುವ ಹುಡುಗ ಸೋಪಿನ ಬಕೀಟು ಹಿಡಿದು ಹತ್ತಿದ್ದಾನೆ. ಬೋಟು ಹಿಂದಕ್ಕೆ ವಾಲಿ ಸರ್ರನೆ ಇಳಿದಿದೆ. ಹುಡುಗ ದಂಡೆಯ ಕಲ್ಲು ಹಿಡಿದು ಮೇಲೆ ಬಂದ. ಒಂದು ಚಪ್ಪಲಿ ಹೋಯಿತು, ಅಷ್ಟೇ. ನಾನು ಹೋದಾಗ ಅವನು ಉಳಿದ ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ನೋಡಿ, “ಕಾಕಾ, ನಂಗ ಈಜ ಬರಲ್ರಿ” ಎಂದ. ಬೈಯಲಿಲ್ಲ, ಸುಮ್ಮನೆ ಹೇಳಿದ. ಗುತ್ತಿಗೆದಾರರು ಫೋಮ್ ಬಿಡಿ ಎಂದದ್ದು ಹೌದು, ಬಿಟ್ಟ ಕೈ ನನ್ನದು. ಎರಡೂ ಬೋಟುಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ಸೀಟಿನ ಕೆಳಗೆ ಕೊರೆದು, ನನ್ನ ಖರ್ಚಿನಲ್ಲಿ ಫೋಮ್ ತುಂಬಿ ಕೊಟ್ಟೆ.

ಲೆಕ್ಕ ಬಹಳ ಕಷ್ಟದ್ದೇನಲ್ಲ. ಒಂದು ಘನ ಅಡಿ ನೀರು 28 ಕಿಲೋ. ಅಷ್ಟೇ ಜಾಗದ ಫೋಮ್ ಒಂದು ಕಿಲೋ ಕೂಡ ತೂಗುವುದಿಲ್ಲ. ಅಂದರೆ ನೀರಿನಡಿ ಸಿಕ್ಕ ಪ್ರತಿ ಘನ ಅಡಿ ಫೋಮ್ 27 ಕಿಲೋ ಎತ್ತಿ ಹಿಡಿಯುತ್ತದೆ. ನಾನು ಮಾಡಿದ ಬೋಟಿನ ಫೈಬರ್ ಸುಮಾರು 120 ಕಿಲೋ, ಕಬ್ಬಿಣ 30. ನೀರೊಳಗೆ ಇವೆರಡರ ಭಾರ ಇಳಿದು 65ರ ಆಸುಪಾಸು ನಿಲ್ಲುತ್ತದೆ. ಎರಡೂವರೆ ಘನ ಅಡಿ ಫೋಮ್ ಇದ್ದರೆ ಬೋಟು ತನ್ನನ್ನು ತಾನು ತೇಲಿಸಿಕೊಳ್ಳುತ್ತದೆ, ಹತ್ತು ಘನ ಅಡಿ ಹಾಕಿದರೆ ನಾಲ್ಕು ಜನ ಸೊಂಟದ ತನಕ ನೀರಲ್ಲಿ ಕೂತು ಕೂಗಿ ಕರೆಯಬಹುದು. ಬೋಟಿನ ಬೆಲೆಯಲ್ಲಿ ಇದರ ಪಾಲು ಬಾತುಕೋಳಿಯ ಬಣ್ಣದ ಪಾಲಿಗಿಂತ ಬಹಳ ಹೆಚ್ಚೇನಿಲ್ಲ.

ಎಲ್ಲಿ ತುಂಬಬೇಕು ಅನ್ನುವುದೂ ಇದೆ. ಫೋಮೆಲ್ಲ ತಳದಲ್ಲೇ ಹಾಕಿದರೆ ನೀರು ತುಂಬಿದಾಗ ತಳವೇ ಮೇಲೆದ್ದು ಬೋಟು ಬೋರಲಾಗುತ್ತದೆ. ಎರಡೂ ಬದಿಯ ಗೋಡೆಗಳಲ್ಲಿ, ಅಂಚಿನ ಹತ್ತಿರ ಇರಬೇಕು. ಅಮೆರಿಕದಲ್ಲಿ 1971ರಲ್ಲಿ ಬೋಟ್ ಸುರಕ್ಷತೆಗೆ ಕಾನೂನು ಮಾಡಿ, ಮುಂದೆ 20 ಅಡಿಗಿಂತ ಚಿಕ್ಕ ಮೋಟಾರು ಬೋಟುಗಳು ನೀರು ತುಂಬಿದರೂ ತೇಲಲೇಬೇಕು ಎಂಬ ನಿಯಮ ತಂದರು, ಔಟ್‌ಬೋರ್ಡ್, ಅಂದರೆ ಹಿಂದೆ ಹೊರಗಡೆ ತೂಗುಹಾಕಿದ, ಎಂಜಿನ್ನಿನವು ಮಟ್ಟಸವಾಗಿಯೇ ತೇಲಬೇಕು. ಒಂದು ಕಂಪನಿ ಜಾಹೀರಾತಿಗೆ ಮಾಡಿ ತೋರಿಸಿದ್ದು ಇಪ್ಪತ್ತು ವರ್ಷದೊಳಗೆ ಎಲ್ಲರ ಮೇಲೂ ಬಂತು. ನಮ್ಮಲ್ಲೂ 1917ರ ಹಳೆಯ ಕಾಯ್ದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ತಂದಿದ್ದಾರೆ. ಆದರೂ ಉದ್ಯಾನದ ಹೊಂಡಕ್ಕೆ ನಾಲ್ಕು ಪೆಡಲ್ ಬೋಟು ತರಿಸುವಾಗ ಕೊಟೇಶನ್ನಿನಲ್ಲಿ ಸೀಟು ಎಷ್ಟು, ಬಣ್ಣ ಯಾವುದು ಎಂದು ಕೇಳಿದ್ದನ್ನೇ ಕಂಡಿದ್ದೇನೆ. ಫೋಮ್ ಎಷ್ಟು ಎಂದು ನನ್ನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

2024ರ ಜನವರಿ 18ರಂದು ವಡೋದರಾದ ಹರ್ನಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಬೋಟು ಮಗುಚಿ ತೀರಿಕೊಂಡರು. ಅದು ಸಮುದ್ರವಲ್ಲ, ಹೊಳೆಯಲ್ಲ, ಊರೊಳಗಿನ ಕೆರೆ. ಹೆಚ್ಚು ಜನರನ್ನು ಹತ್ತಿಸಿದ್ದು, ಬಹಳ ಜನಕ್ಕೆ ಲೈಫ್ ಜಾಕೆಟ್ ಇಲ್ಲದ್ದು ಎಲ್ಲ ಸುದ್ದಿಯಾಯಿತು. ಜಾಕೆಟ್ ಬೇಕೇ ಬೇಕು, ನಾನು ಅದನ್ನು ಬೇಡ ಅನ್ನುತ್ತಿಲ್ಲ. ಜಾಕೆಟ್ಟನ್ನು ಹಾಕಿಕೊಳ್ಳಬೇಕು, ಫೋಮನ್ನು ಯಾರೂ ಹಾಕಿಕೊಳ್ಳಬೇಕಿಲ್ಲ, ಅದು ಬೋಟಿನೊಳಗೇ ಇರುತ್ತದೆ.

ಹೀಗಾಗಿ ಶರಣಬಸವೇಶ್ವರ ಕೆರೆಗಾಗಲಿ, ಚಂದ್ರಂಪಳ್ಳಿಗಾಗಲಿ, ಯಾದಗಿರಿಯ ಲುಂಬಿನಿ ವನಕ್ಕಾಗಲಿ, ಬೀದರಿನ ಕಡೆ ಕಾರಂಜಾಕ್ಕಾಗಲಿ ಬೋಟು ತರಿಸುವವರು ಯಾರೇ ಇರಲಿ, ಹಣ ಕೊಡುವ ಮುಂಚೆ ಒಂದು ಕೆಲಸ ಮಾಡಲಿ. ಬೋಟನ್ನು ದಂಡೆಯ ಹತ್ತಿರ ಸೊಂಟಮಟ್ಟದ ನೀರಿನಲ್ಲಿ ನಿಲ್ಲಿಸಿ ಪಂಪು ಹಚ್ಚಿ ಅಂಚಿನ ತನಕ ನೀರು ತುಂಬಲಿ. ಒಳಗೆ ಗಾಳಿ ಡಬ್ಬಿ ಇದೆ ಎಂದರೆ ಅದರ ಮುಚ್ಚಳ ತೆಗೆಸಿ ಅದಕ್ಕೂ ತುಂಬಲಿ. ಆಮೇಲೆ ಎಷ್ಟು ಸೀಟಿದೆಯೋ ಅಷ್ಟು ಜನ ದೊಡ್ಡವರು, ಈಜು ಬಲ್ಲವರು, ಜಾಕೆಟ್ ಹಾಕಿಕೊಂಡು ಕೂತು ಹದಿನೈದು ನಿಮಿಷ ಕಾಯಲಿ. ಮಾರುವವರನ್ನೂ ಜೊತೆಗೆ ಕೂರಿಸಿ. ಮುತ್ಯಾ ಬುರುಡೆಗೆ ಮಾಡುತ್ತಿದ್ದುದೂ ಇದೇ, ಫಿಶರ್ ಗರಗಸದಿಂದ ಮಾಡಿದ್ದೂ ಇದೇ. ಬೋಟು ತಳ ಮುಟ್ಟಿದರೆ ವಾಪಸು ಲಾರಿಗೆ ಏರಿಸಿ.

ಫೋಮ್ ತುಂಬಿದ ಬೋಟು ಬಂದರೂ ಒಂದು ಎಚ್ಚರ. ಹೆಸರಿನ ಫಲಕ ಹಾಕಲೆಂದೋ ಛತ್ರಿ ನಿಲ್ಲಿಸಲೆಂದೋ ಮನಬಂದಲ್ಲಿ ಡ್ರಿಲ್ ಹೊಡೆದು ಸ್ಕ್ರೂ ಬಿಗಿದು ಹಾಗೇ ಬಿಡಬಾರದು. ಆ ತೂತಿನಿಂದ ವರ್ಷಗಟ್ಟಲೆ ನೀರು ಜಿನುಗಿದರೆ ಫೋಮೂ ನೀರು ಕುಡಿದು ಭಾರವಾಗುತ್ತದೆ. ಪ್ರತಿ ಸ್ಕ್ರೂವಿಗೂ ಸೀಲಂಟ್ ಹಾಕಿಸಿ, ವರ್ಷಕ್ಕೊಮ್ಮೆ ಬೋಟನ್ನು ತೂಗಿಸಿ. ಕಲಬುರಗಿಯಲ್ಲಿ ತೊಗರಿ ತೂಗುವ ಕಾಟಾಗಳಿಗೆ ಬರವಿಲ್ಲ. ಮೊದಲ ದಿನದ ತೂಕ ಬರೆದಿಟ್ಟರೆ ಎಷ್ಟು ನೀರು ಕುಡಿದಿದೆ ಎಂಬುದು ಅದರಲ್ಲೇ ತಿಳಿಯುತ್ತದೆ.

ಈ ಪರೀಕ್ಷೆ ಹೇಗೆ ಮಾಡುವುದೆಂದು ಯಾರಿಗಾದರೂ ಗೊತ್ತಾಗದಿದ್ದರೆ ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಿ. ಪಗಾರ ಬೇಡ. ಪಂಪು, ಪೈಪು ನಾನೇ ತರುತ್ತೇನೆ. ಡೀಸೆಲ್ ಮಾತ್ರ ಅವರು ಹಾಕಲಿ.

ತಮ್ಮ ವಿಶ್ವಾಸಿ,
ಫೈಬರ್ ಕೆಲಸದ ಒಬ್ಬ ಮೇಸ್ತ್ರಿ
ಕಪನೂರ, ಕಲಬುರಗಿ